ಮೂಗಿನಿಂದ ಬೆರಳ ತುದಿಗೆ

ನವೆಂಬರ್ 6, ಗುರುವಾರ

ಬಂದೆವು! ಬಸ್ಸಿನಲ್ಲಿ ಐದು ಗಂಟೆ, ಆಮೇಲೆ ಸಾಮಾನಿನ ಲಾರಿಯ ಹಿಂದೆ ಒಂದು ಗಂಟೆ, ಮೈಯೆಲ್ಲ ಪುಡಿಪುಡಿ. ಆದರೂ ಕೊನೆಯ ತಿರುವು ದಾಟಿದ ಕೂಡಲೇ ನಾನು "ನಿಲ್ಸಿ, ನಿಲ್ಸಿ!" ಎಂದು ಕೂಗಿ ಚಾಲಕನನ್ನು ಹೆದರಿಸಿಬಿಟ್ಟೆ. ಸರೋವರ! ಸುತ್ತಲೂ ಬೆಟ್ಟ, ಬೆಟ್ಟದ ತುಂಬ ಹಸಿರು, ಆ ಹಸಿರೆಲ್ಲ ತಲೆಕೆಳಗಾಗಿ ಮತ್ತೊಮ್ಮೆ ನೀರಿನಲ್ಲಿ. ಯಾವುದು ಅಸಲು, ಯಾವುದು ನಕಲು ಎಂದು ತಿಳಿಯಬೇಕಾದರೆ ಒಂದು ಕಲ್ಲು ಎಸೆಯಬೇಕು. ಎಸೆದೆ. ನಕಲು ಬೆಟ್ಟ ಕಿಲಕಿಲ ನಕ್ಕಿತು, ಅಸಲು ಗಂಭೀರವಾಗಿ ನಿಂತಿತ್ತು.

ಮದುವೆಯಾಗಿ ಇಂದಿಗೆ ಹತ್ತೊಂಬತ್ತು ದಿನ. ಈ ಡೈರಿ ಅಕ್ಕ ಕೊಟ್ಟಿದ್ದು. ಕನ್ನಡದಲ್ಲೇ ಬರೆಯುತ್ತೇನೆ ಎಂದು ನಿರ್ಧರಿಸಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಎಲ್ಲವೂ ಹಾಸ್ಟೆಲ್ ವಾರ್ಡನ್‌ಗೆ ಕೊಟ್ಟ ರಜೆ ಅರ್ಜಿಯಂತೆ ಆಗುತ್ತದೆ. ನನ್ನ ಒತ್ತಕ್ಷರಗಳು ಸೊಟ್ಟಗಿವೆ, ಇರಲಿ, ಇದನ್ನು ಯಾರು ಓದುತ್ತಾರೆ?

ಹನಿಮೂನ್ ಎಂದರೆ ಹನಿಮೂನ್ ಅಲ್ಲ, ಇವರ ಕೆಲಸ. ಇವರು ಇಲಾಖೆಯಲ್ಲಿ ಗುತ್ತಿಗೆಯ ಮೇಲಿರುವ ಸರ್ವೇಯರ್. ಅರವತ್ತು ವರ್ಷದ ಹಿಂದೆ ಯಾರೋ ಈ ಸರೋವರದ ಆಳ ಅಳೆದು ನಕ್ಷೆ ಮಾಡಿದ್ದರಂತೆ. ಈಗ ಮತ್ತೆ ಅಳೆಯಬೇಕು. ವರದಿ ಚೆನ್ನಾಗಿ ಬಂದರೆ ಕೆಲಸ ಕಾಯಂ, ದಡದ ಮೇಲಿರುವ ಈ ಹಸಿರು ಬಾಗಿಲಿನ ಎರಡು ಕೋಣೆಯ ಮನೆಯೂ ನಮ್ಮದೇ. ಕೆಟ್ಟರೆ ತಿಂಗಳ ಕೊನೆಗೆ ಗುತ್ತಿಗೆ ಮುಗಿಯಿತು, ಗಂಟುಮೂಟೆ ಕಟ್ಟಬೇಕು. "ಹದಿನೈದು ದಿನ ನೀನು ಅಲ್ಲಿ ಒಬ್ಬಳೇ ಬೇಜಾರು ಪಡ್ತೀಯ" ಎಂದು ಇವರು ಹೇಳಿದಾಗ ನಾನು ಆಗಲೇ ಪೆಟ್ಟಿಗೆಯ ಮೇಲೆ ಕೂತು ಬೀಗ ಒತ್ತುತ್ತಿದ್ದೆ.

ದಡದಿಂದ ನೀರಿಗೆ ಚಾಚಿದ ಹಲಗೆಯ ಕಟ್ಟೆ ಇದೆ, ಹನ್ನೆರಡು ಹಲಗೆ. ದೋಣಿ ಅದರ ತುದಿಯಲ್ಲಿ. ಇವರು ಕೈ ಚಾಚಿ "ಬಾ" ಎಂದರು. ನಾನು ಮೊದಲ ಹಲಗೆಯ ಮೇಲೆ ಒಂದು ಕಾಲಿಟ್ಟು ಹಿಂದೆಗೆದೆ. ಆರು ವರ್ಷದವಳಿದ್ದಾಗ ನೀರಿನ ತೊಟ್ಟಿಗೆ ಬಿದ್ದಿದ್ದೆ. ಅಂದಿನಿಂದ ಬಕೆಟ್ಟಿಗಿಂತ ದೊಡ್ಡ ನೀರಿನ ಜೊತೆ ನನಗೆ ಮಾತುಕತೆ ಇಲ್ಲ. ದೂರದಿಂದ ನೋಡುತ್ತೇನೆ. ದೂರದಿಂದ ಎಷ್ಟು ಚೆಂದ!

ಇವರ ಕಿವಿ ಕೂಡ ಚೆಂದ. ಬಿಸಿಲು ಹಿಂದಿನಿಂದ ಬಿದ್ದರೆ ಗುಲಾಬಿ ಬಣ್ಣ ಬರುತ್ತದೆ.

ನವೆಂಬರ್ 7, ಶುಕ್ರವಾರ

ಇವತ್ತು ಇವರು ಎರಡು ದಡದಲ್ಲೂ ಗಳ ನೆಟ್ಟು ಬಂದರು. ಈ ದಡದ ಗಳದಿಂದ ಆ ದಡದ ಗಳಕ್ಕೆ ಒಂದು ಸಾಲು. ಹಾಗೆ ಹನ್ನೆರಡು ಸಾಲು. ಪ್ರತಿ ಸಾಲಿನಲ್ಲೂ ಅಲ್ಲಲ್ಲಿ ದೋಣಿ ನಿಲ್ಲಿಸಿ ಹಗ್ಗ ಬಿಡುವುದು, ಸೀಸ ತಳ ಮುಟ್ಟಿದಾಗ ಎಷ್ಟು ಆಳ ಎಂದು ಬರೆಯುವುದು. ಆಫೀಸಿನಲ್ಲಿ ಇದಕ್ಕೊಂದು ಯಂತ್ರ ಇದೆಯಂತೆ, ರಿಪೇರಿಗೆ ಹೋಗಿ ಎಂಟು ತಿಂಗಳಾಯಿತಂತೆ.

ದೋಣಿ ನಡೆಸುವವಳು ಒಬ್ಬ ಅಜ್ಜಿ. ತೋಳು ನೋಡಿದರೆ ಅಜ್ಜಿ ಅನ್ನಲು ಹೆದರಿಕೆಯಾಗುತ್ತದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಇವರನ್ನು ಕೇಳಿದಳು: "ಎಷ್ಟು ದಿನ ಆಯ್ತು ಮದುವೆಯಾಗಿ?"

"ಇಪ್ಪತ್ತು."

"ಹಾಗಾದ್ರೆ ಹುಷಾರು. ನಲವತ್ತು ವರ್ಷದಲ್ಲಿ ಈ ಕೆರೆಗೆ ಮೂರು ಜನ ಬಿದ್ದಿದ್ದಾರೆ. ಮೂವರೂ ಹೊಸ ಗಂಡಂದಿರು. ದಡದ ಕಡೆ ನೋಡ್ತಾ ನೋಡ್ತಾ ದೋಣಿ ಮುಗಿದಿದ್ದೇ ಗೊತ್ತಾಗ್ಲಿಲ್ಲ."

ಇವರ ಕಿವಿ ಬಿಸಿಲಿಲ್ಲದೆಯೇ ಕೆಂಪಾಯಿತು.

ಇವರು ಹಗ್ಗ ತೋರಿಸಿದರು. ನಲವತ್ತು ಮೀಟರ್ ಉದ್ದ, ತುದಿಗೆ ಸೌತೆಕಾಯಿ ಆಕಾರದ ಸೀಸದ ಗುಂಡು, ಒಂದು ಗೇಣುದ್ದ. ಉದ್ದಕ್ಕೂ ಚಿಂದಿಗಳು: ಮೀಟರಿಗೊಂದು ಬಿಳಿ ಚಿಂದಿ, ಐದಕ್ಕೊಂದು ಕೆಂಪು. ಹೆಸರಿಗೆ ಬಿಳಿ, ಹೆಸರಿಗೆ ಕೆಂಪು. ಎಲ್ಲವೂ ಒಂದೇ ಬೂದು ಬಣ್ಣ, ಕೆಲವು ಕೊಳೆತು ಉದುರಿವೆ, ನಾತವೋ ನಾತ. "ಲೆಕ್ಕ ಹಾಕ್ಬೇಕಾದ್ರೆ ಕಣ್ಣು ಕಿತ್ತು ಬರುತ್ತೆ" ಎಂದರು. ಪಾಪ. ನನ್ನ ತಲೆಯಲ್ಲಿ ಆಗಲೇ ಒಂದು ಯೋಚನೆ ಕುಣಿಯುತ್ತಿದೆ. ಇಲ್ಲಿ ಬರೆಯುವುದಿಲ್ಲ, ಬರೆದರೆ ಬಾಯಿ ಬಿಟ್ಟಂತೆಯೇ.

ಇವರು "ನನ್ನನ್ನ ನೀನು ಅಂತ ಕರಿ" ಎಂದರು. ಪ್ರಯತ್ನಿಸಿದೆ. ಬಾಯಿಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡಂತಾಯಿತು. ಆಗಲಿಲ್ಲ.

ನವೆಂಬರ್ 9, ಭಾನುವಾರ

ಆಯಿತು! ಎರಡು ದಿನದ ಗುಟ್ಟು ಇವತ್ತು ಹೊರಗೆ!

ನಿನ್ನೆ ಇವರು ಬರೆಯುವ ಹಾಳೆ, ಸೀಸದ ಕಡ್ಡಿ ಎಲ್ಲ ತರಲು ಪೇಟೆಗೆ ಹೋದರು. ಲಾರಿ ತಿರುವು ದಾಟುವುದನ್ನೇ ಕಾದಿದ್ದು ಹಗ್ಗವನ್ನು ಅಂಗಳಕ್ಕೆ ಎಳೆದು, ಕೊಳಕು ಚಿಂದಿಗಳನ್ನೆಲ್ಲ ಕತ್ತರಿಸಿ ಬಿಸಾಕಿದೆ. ಹಗ್ಗವನ್ನು ಸೋಪು ಹಾಕಿ ಉಜ್ಜಿ ಬೇಲಿಯ ಮೇಲೆ ಒಣಗಿಸಿದೆ. ಬೇಲಿ ಪೂರ್ತಿ ಒಂದು ಸುತ್ತು ಬಂತು! ಆಮೇಲೆ ಅಪ್ಪ ಕೊಟ್ಟ ತುಂಡುಬಟ್ಟೆಯ ಗಂಟು ಬಿಚ್ಚಿ ಹಳದಿ, ಕೆಂಪು ಪಟ್ಟಿಗಳನ್ನು ಕತ್ತರಿಸಿದೆ. ಪ್ರತಿ ಮೀಟರಿಗೆ ಹಳದಿ, ಐದಕ್ಕೊಂದು ಕೆಂಪು, ಹತ್ತಕ್ಕೆ ಎರಡು ಕೆಂಪು, ಅದೂ ಹೂವಿನ ಗಂಟು ಹಾಕಿ.

ಅಳೆಯಲು ಏನೂ ಬೇಕಾಗಲಿಲ್ಲ. ಬಟ್ಟೆ ಅಂಗಡಿಯವನ ಮಗಳು ನಾನು! ರಜೆಯಲ್ಲಿ ಮನೆಗೆ ಬಂದಾಗಲೆಲ್ಲ ಗಲ್ಲಾದ ಪಕ್ಕ ಕೂತು ಅಪ್ಪನ ಕೈ ನೋಡಿಯೇ ಬೆಳೆದವಳು. ಹಗ್ಗದ ಒಂದು ಕಡೆ ಮೂಗಿನ ತುದಿಗೆ, ಇನ್ನೊಂದು ಕಡೆ ಚಾಚಿದ ಬೆರಳ ತುದಿಗೆ. ಒಂದು. ಮತ್ತೆ ಮೂಗಿಗೆ. ಎರಡು. ಸೀಸದ ಗುಂಡಿನ ಮೇಲೆ ಹಗ್ಗ ಕಟ್ಟುವ ಕಬ್ಬಿಣದ ಬಳೆಯಿಂದ ಶುರು ಮಾಡಿ ನಲವತ್ತು ಕಟ್ಟಿದ ಮೇಲೂ ಹಗ್ಗ ಉಳಿದಿತ್ತು! ಒಗೆದ ಮೇಲೆ ಹಿಗ್ಗಿರಬೇಕು, ಪಾಪ ಎಷ್ಟು ವರ್ಷದ ಕೊಳೆ ಹೊತ್ತು ಕುಗ್ಗಿಹೋಗಿತ್ತೋ. ಇನ್ನೂ ನಾಲ್ಕು ಕಟ್ಟಿದೆ. ನಲವತ್ತನಾಲ್ಕು.

ಇವತ್ತು ಬೆಳಿಗ್ಗೆ ಇವರ ಮುಂದೆ ಇಟ್ಟೆ. ಹಗ್ಗದ ಸಮೇತ ನನ್ನನ್ನು ಎತ್ತಿ ಒಂದು ಸುತ್ತು ಸುತ್ತಿದರು, ಸೀಸದ ಗುಂಡು ಕಿಟಕಿಗೆ ಹೊಡೆದು ಗಾಜು ಸಣ್ಣಗೆ ಬಿರುಕು ಬಿಟ್ಟಿತು. "ಇಡೀ ಇಲಾಖೇಲಿ ಇಂಥ ಹಗ್ಗ ಯಾರ ಹತ್ರಾನೂ ಇಲ್ಲ!"

ನಾನು ಹಕ್ಕಿ. ನಾನು ಮೋಡ. ನಾನು ಇವತ್ತು ಹಲಗೆ ಕಟ್ಟೆಯ ಮೂರನೇ ಹಲಗೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ನವೆಂಬರ್ 11, ಮಂಗಳವಾರ

ಸರೋವರ ಆಳವಾಗಿದೆ!!

ನಿನ್ನೆ ಎರಡು ಸಾಲು, ಇವತ್ತು ಎರಡು ಸಾಲು. ನಾಲ್ಕನೇ ಸಾಲು ಎಲ್ಲಕ್ಕಿಂತ ಆಳದ ಜಾಗದ ಮೇಲೆ ಹೋಗುತ್ತದೆ. ಹಳೆಯ ನಕ್ಷೆಯಲ್ಲಿ ಅಲ್ಲಿ ಇಪ್ಪತ್ತೆಂಟು ಮೀಟರ್. ಇವತ್ತು ಇವರು ಅಳೆದರೆ ಮೂವತ್ತು! ಮೂರು ಸಲ ಬಿಟ್ಟು ನೋಡಿದರಂತೆ, ಮೂರು ಸಲವೂ ಮೂವತ್ತು. ದೋಣಿಯಿಂದ ಇಳಿದವರೇ ದಡದ ಉದ್ದಕ್ಕೂ ಓಡಿಬಂದರು. ಫೋನ್ ಸಿಗುವುದು ದೊಡ್ಡ ಬಂಡೆಯ ಮೇಲೆ ನಿಂತರೆ ಮಾತ್ರ. ಅಲ್ಲಿ ನಿಂತು ಆಫೀಸಿನ ದೊಡ್ಡ ಮೇಡಂಗೆ ಹೇಳಿದರು. ಆಕೆಯ ದನಿ ನನಗೂ ಕೇಳಿಸಿತು.

"ಕೆರೆ ಹೂಳು ತುಂಬ್ಕೊಳ್ಳುತ್ತೆ ಕಣಪ್ಪ. ವಯಸ್ಸಾದಂತೆ ಯಾರೂ ಆಳ ಆಗಲ್ಲ. ಸರಿಯಾಗಿ ನೋಡು."

"ನೋಡಿದೀನಿ ಮೇಡಂ. ಮೂರು ಸಲ."

ದೋಣಿಯಜ್ಜಿ ಹುಟ್ಟು ಒರೆಸುತ್ತ "ನನಗೇನೂ ಆಳ ಆದಂಗೆ ಕಾಣಲ್ಲಪ್ಪ. ನೀರು ಹೇಳ್ತಿರೋದೊಂದು, ನಿನ್ನ ರಿಬ್ಬನ್ನು ಹೇಳ್ತಿರೋದೊಂದು" ಎಂದಳು. ಇವರು ನಕ್ಕರು. ನಾನೂ ನಕ್ಕೆ.

ಇಂಥ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಬಂಡೆ ಹತ್ತಿ ಅಕ್ಕನಿಗೆ ಫೋನ್ ಮಾಡಿದೆ. ಅಪ್ಪನಿಗೆ ಮೊಣಕಾಲು ನೋವು ಬಂದ ಮೇಲೆ ಅಂಗಡಿ ಅವಳೇ ನೋಡಿಕೊಳ್ಳುತ್ತಾಳೆ. ಎಲ್ಲ ಹೇಳಿದೆ, ಹಗ್ಗ, ಹೂವಿನ ಗಂಟು, ಮೂವತ್ತು ಮೀಟರ್.

"ಹಗ್ಗ ಹೇಗೆ ಅಳೆದೆ?"

"ಇನ್ನು ಹೇಗೆ? ಅಪ್ಪನ ಥರ. ಮೂಗಿಂದ ಬೆರಳಿಗೆ."

"ಮುಖ ಯಾವ ಕಡೆ ಇತ್ತು?"

"ಮುಖ? ಮುಂದೆ. ಎಲ್ಲಿರುತ್ತೆ ಮುಖ?"

"ಅಯ್ಯೋ ಮಂಕೇ! ಮುಖ ಮುಂದೆ ಇದ್ರೆ ಅದು ಗಜ ಕಣೇ. ಮೀಟರ್ ಬೇಕಾದ್ರೆ ಅಪ್ಪ ಕೈ ಚಾಚಿದ ಕಡೆ ಬಿಟ್ಟು ಮುಖ ಆ ಕಡೆಗೆ ಪೂರ್ತಿ ತಿರುಗಿಸ್ಕೊಂಡು ಅಳೀತಾರೆ. ಅಷ್ಟು ವರ್ಷ ಗಲ್ಲಾ ಪಕ್ಕ ಕೂತು ಏನು ನೋಡ್ತಿದ್ದೆ? ಕಥೆಪುಸ್ತಕನಾ?"

ಕಥೆಪುಸ್ತಕವನ್ನೇ.

ಟೇಪು ತಂದಿದ್ದೇನಲ್ಲ, ಹೊಲಿಗೆಯ ಡಬ್ಬಿಯಲ್ಲಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ದಾರ ಹಿಡಿದು ನೋಡಿದೆ. ತೊಂಬತ್ತು ಸೆಂಟಿಮೀಟರ್. ಮತ್ತೆ ನೋಡಿದೆ. ತೊಂಬತ್ತು.

ಸರೋವರ ಆಳವಾಗಿಲ್ಲ. ನನ್ನ ಕೈ ಗಿಡ್ಡ.

ನವೆಂಬರ್ 12, ಬುಧವಾರ

ಸರಿಯಾಯಿತು! ಎಲ್ಲ ಸರಿಯಾಯಿತು!

ಬೆಳಿಗ್ಗೆ ಇವರು ಐದನೇ ಸಾಲು ಮುಗಿಸಿ ಊಟಕ್ಕೆ ಬಂದರು. ಊಟದ ಮೇಲೆ ಒಂದು ಗಂಟೆ ನಿದ್ದೆ. ಗೊರಕೆಯಲ್ಲಿ ಮೂರು ಬಗೆ: ಬೆಕ್ಕಿನದು, ಲಾರಿಯದು, ಮತ್ತೆ ಎರಡೂ ಡಿಕ್ಕಿ ಹೊಡೆದದ್ದು. ಲಾರಿ ಶುರುವಾದ ಕೂಡಲೇ ನಾನು ಹಲಗೆ ಕಟ್ಟೆಗೆ ಓಡಿದೆ. ಆರನೇ ಹಲಗೆಯ ಮೇಲೆ ಕೂತು, ಹಗ್ಗ ಎಳೆದುಕೊಂಡು, ಬಳೆಯಿಂದಲೇ ಮತ್ತೆ ಶುರು ಮಾಡಿ, ಟೇಪು ಹಿಡಿದು, ಪಟ್ಟಿಗಳನ್ನೆಲ್ಲ ಬಿಚ್ಚಿ ಬಿಚ್ಚಿ ಸರಿಯಾದ ಮೀಟರಿಗೆ ಕಟ್ಟಿದೆ. ನಾಲ್ಕು ಪಟ್ಟಿ ಉಳಿದವು, ಒಲೆಗೆ ಹಾಕಿದೆ. ಉಗುರೆಲ್ಲ ಹೋಯಿತು. ಇವರು ಎದ್ದು ಆರನೇ ಸಾಲಿಗೆ ಹೋದರು, ಏನೂ ಗೊತ್ತಾಗಲಿಲ್ಲ!

ಇನ್ನು ಮುಂದೆ ಎಲ್ಲ ಸಾಲೂ ಸರಿ. ಹಿಂದಿನ ಐದು ಸಾಲು... ಐದು ತಾನೇ. ಹನ್ನೆರಡರಲ್ಲಿ ಐದು. ಅದನ್ನು ಇವತ್ತು ಯೋಚಿಸುವುದಿಲ್ಲ. ಬೆಟ್ಟದ ಮೇಲೆ ಮೋಡದ ನೆರಳು ದನದ ಹಿಂಡಿನಂತೆ ನಿಧಾನ ಹೋಗುತ್ತಿದೆ, ಎಷ್ಟು ಚೆಂದ. ನಿಜಕ್ಕೂ ಚೆಂದ.

ನವೆಂಬರ್ 13, ಗುರುವಾರ

ಅಯ್ಯೋ.

ಅಯ್ಯೋ ಅಯ್ಯೋ.

ಇವರು ಎಂಟು ಸಾಲಿನ ಅಂಕೆಗಳನ್ನು ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಗೋಡೆಗೆ ಅಂಟಿಸಿದ್ದಾರೆ. ಐದನೇ ಸಾಲಿನವರೆಗೆ ಕೆರೆಯ ತಳ ಒಂದು ಮಟ್ಟದಲ್ಲಿದೆ. ಆರನೇ ಸಾಲಿನಿಂದ ಥಟ್ಟನೆ ಮೇಲಕ್ಕೆ, ನಡುವಿನ ಆಳದಲ್ಲಿ ಮೂರು ಮೀಟರಿನಷ್ಟು. ಈ ದಡದಿಂದ ಆ ದಡದವರೆಗೆ, ಅಡಿಪಟ್ಟಿ ಇಟ್ಟು ಎಳೆದ ಹಾಗೆ.

"ಮೆಟ್ಟಿಲು!" ಎಂದರು. ಕೂದಲೆಲ್ಲ ನಿಂತಿತ್ತು. "ನೀರಿನಡಿ ಒಂದು ಮೆಟ್ಟಿಲಿದೆ! ಯಾವ ಕಾಲದಲ್ಲೋ ನೆಲ ಬಿರಿದಿರ್ಬೇಕು. ಯಾರಿಗೂ ಗೊತ್ತೇ ಇರ್ಲಿಲ್ಲ. ನಾನು ಕಂಡುಹಿಡಿದೆ. ಅಲ್ಲ, ನಾವು. ನಿನ್ನ ಹಗ್ಗ ಇಲ್ದಿದ್ರೆ ಎಲ್ಲಿ ಸಿಗ್ತಿತ್ತು?"

ಅದೇ. ನನ್ನ ಹಗ್ಗ ಇಲ್ಲದಿದ್ದರೆ ಎಲ್ಲಿ ಸಿಗುತ್ತಿತ್ತು.

"ಇದಕ್ಕೆ ನಿನ್ನ ಹೆಸರಿಡ್ತೀನಿ. ನಕ್ಷೆಯಲ್ಲಿ. ಶಾಶ್ವತವಾಗಿ."

ದೊಡ್ಡ ಮೇಡಂ ಸೋಮವಾರ ಸ್ವತಃ ಬರುತ್ತಾರಂತೆ.

ನವೆಂಬರ್ 14, ಶುಕ್ರವಾರ

ಹೇಳಲಿಲ್ಲ.

ಬೆಳಿಗ್ಗೆ ಚಹಾ ಕೊಡುವಾಗ "ಒಂದು ವಿಷಯ" ಎಂದೆ. "ಏನು?" ಎಂದು ಇವರು ನನ್ನ ಕಡೆ ತಿರುಗಿದ ಮುಖ ಹೇಗಿತ್ತೆಂದರೆ, ನಾನು "ಸಕ್ಕರೆ ಖಾಲಿ" ಎಂದುಬಿಟ್ಟೆ. ಡಬ್ಬಿ ತುಂಬ ಸಕ್ಕರೆ ಇದೆ. ಇವರು ಮುಚ್ಚಳ ತೆಗೆದು ನೋಡಿ, ನನ್ನನ್ನು ನೋಡಿ, ನಗುತ್ತ ಹೋದರು. ಹೊಸ ಹೆಂಡತಿ ಏನು ಹೇಳಿದರೂ ಮುದ್ದಾಗಿ ಕೇಳಿಸುತ್ತದೆ ಎಂದು ಕಾಣುತ್ತದೆ. ಎಂಥ ಶಿಕ್ಷೆ.

ಸಂಜೆ ದೋಣಿಯಜ್ಜಿ ಕಟ್ಟೆಯ ಒಂಬತ್ತನೇ ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟಿದ್ದಳು. ಪಕ್ಕಕ್ಕೆ ಹೋಗಿ ಕೂತೆ.

"ಮಂಗಳವಾರ ಎರಡು ಕೆಂಪಿನ ಗಂಟು ದೋಣಿ ಅಂಚಿಗೆ ಬಂದಾಗ ಹಿಂದಿನ ಹಳದಿ ನನ್ನ ಮಡಿಲಲ್ಲಿ ಬೀಳ್ತಿತ್ತು" ಎಂದಳು, ನೀರಿಗೆ ಹೇಳುವಂತೆ. "ಬುಧವಾರ ಮಧ್ಯಾಹ್ನದಿಂದ ಮೊಣಕಾಲಿನ ಮೇಲೆ ಬೀಳ್ತಿದೆ. ನಾನಂತೂ ಕೂತ ಜಾಗ ಬದಲಾಯಿಸಿಲ್ಲ."

"ಅವರಿಗೆ ಹೇಳಿದ್ಯಾ ಅಜ್ಜಿ?"

"ನಾನ್ಯಾಕೆ ಹೇಳ್ಲಿ? ನನಗೇನು ಅವನು ಗಂಡನಾ?" ಎಂದು ನನ್ನ ತೊಡೆಗೆ ಒಂದೇಟು ಕೊಟ್ಟಳು. "ಮೇಡಂ ಬಂದು ಕಂಡುಹಿಡಿದ್ರೆ ಅವನ ಕೆಲಸ ಹೋಗುತ್ತೆ. ನೀನು ಹೇಳಿದ್ರೆ ಅವನ ಮುಖ ಎರಡು ದಿನ ಊದುತ್ತೆ. ಯಾವುದು ಬೇಕು ನೋಡ್ಕೊ."

ನವೆಂಬರ್ 15, ಶನಿವಾರ

ಬೆಳಿಗ್ಗೆ ಹತ್ತು ಗಂಟೆ. ನೀನು ಹನ್ನೊಂದನೇ ಸಾಲಿನ ನಡುವೆ ಇದ್ದೀಯ. ಅಜ್ಜಿ ಸೊಂಟ ಹಿಡಿದುಕೊಂಡಿದೆ ಎಂದು ನಿನ್ನೊಬ್ಬನನ್ನೇ ಕಳಿಸಿದಳು. ಸೊಂಟಕ್ಕೆ ಏನೂ ಆಗಿಲ್ಲ, ನಾನು ನೋಡಿದೆ, ಬಗ್ಗಿ ಬಗ್ಗಿ ಸೌದೆ ಆರಿಸುತ್ತಿದ್ದಾಳೆ.

ಬಾಯಲ್ಲಿ ಹೇಳಲು ಆಗುತ್ತಿಲ್ಲ. ಬಾಯಿ ತೆರೆದರೆ ಸಕ್ಕರೆ ಬರುತ್ತದೆ. ಆದ್ದರಿಂದ ಈ ಪುಸ್ತಕ ಕೊಡುತ್ತಿದ್ದೇನೆ. ಒಂಬತ್ತನೇ ತಾರೀಖು ಓದು, ಹನ್ನೊಂದು ಓದು, ಹನ್ನೆರಡು ಓದು. ಮೂಗು, ಬಳೆ, ತೊಂಬತ್ತು, ಬುಧವಾರ ಮಧ್ಯಾಹ್ನ, ಎಲ್ಲ ಇದೆ. ಕಿವಿಯ ಬಗ್ಗೆ, ಗೊರಕೆಯ ಬಗ್ಗೆ ಇರುವುದನ್ನು ಓದಬೇಡ. ಓದುತ್ತೀಯ, ಗೊತ್ತು.

ಮೆಟ್ಟಿಲು ಇಲ್ಲ. ಅದಕ್ಕೆ ನೀನು ನನ್ನ ಹೆಸರು ಸರಿಯಾಗಿಯೇ ಇಟ್ಟಿದ್ದೆ.

ನೀನು ದಡಕ್ಕೆ ಬರುವುದು ಮಧ್ಯಾಹ್ನಕ್ಕೆ. ಅಷ್ಟರೊಳಗೆ ನನ್ನ ಮನಸ್ಸು ಬದಲಾಗಿಬಿಟ್ಟರೆ? ಬಾವಿಗೆ ಹಗ್ಗ ಬಿಟ್ಟ ಹಾಗೆ ಧೈರ್ಯ ಈಗ ಕೈಯಲ್ಲಿದೆ, ಆಮೇಲೆ ಜಾರುತ್ತದೆ. ಅಜ್ಜಿಯ ಸಣ್ಣ ದೋಣಿ ಕಟ್ಟೆಯ ಕೆಳಗೇ ಇದೆ. ಅವಳನ್ನೇ ಕೂಗುತ್ತೇನೆ.

ನವೆಂಬರ್ 16, ಭಾನುವಾರ

ನಿನ್ನೆ ನಾನು ಕೂಗುವ ಮೊದಲೇ ಅಜ್ಜಿ ಬಂದಳು. ಸೊಂಟ ಹಿಡಿದವಳು ಎರಡು ಹಲಗೆಗೊಂದು ಹೆಜ್ಜೆ ಹಾಕುತ್ತ!

ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಹಿಡಿದು ಕೂತೆ. ಅಜ್ಜಿ ಹುಟ್ಟು ಹಾಕಿದಳು. ನಡುವೆ ಗಾಳಿ ಬಂದು ದೋಣಿ ವಾಲಿದಾಗ ನಾನು ನೋಡುತ್ತಿದ್ದದ್ದು ನೀರನ್ನಲ್ಲ, ಇವನ ಬೆನ್ನನ್ನು. ಇವನು ತಿರುಗಿ ನೋಡಿ ಹಗ್ಗ ಕೈಬಿಟ್ಟ. "ನೀನಾ? ನೀರಲ್ಲಿ? ಏನಾಯ್ತು, ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ, ತಗೋ, ಓದು" ಎಂದೆ. ಎರಡು ದೋಣಿಗಳನ್ನು ಅಜ್ಜಿ ಹಗ್ಗದಿಂದ ಕಟ್ಟಿ, ಬೆನ್ನು ತಿರುಗಿಸಿ ಕೂತಳು. ನಾನು ಬೆಟ್ಟ ಎಣಿಸಿದೆ. ಏಳು ಬೆಟ್ಟ. ಮೊದಲು ಇವನು ನಕ್ಕ, ಗೊರಕೆಯ ಪುಟ ಇರಬೇಕು. ಆಮೇಲೆ ನಗು ನಿಂತಿತು. ಪುಟ ಹಿಂದೆ ತಿರುಗಿಸಿದ. ಮತ್ತೆ ಮುಂದೆ. ಪುಸ್ತಕ ಮುಚ್ಚಿ, ಮುಖವನ್ನು ಆ ದಡದ ಕಡೆಗೆ ತಿರುಗಿಸಿಕೊಂಡ.

"ಮಂಗಳವಾರವೇ ಗೊತ್ತಿತ್ತು ನಿನಗೆ."

"ಹೂಂ."

"ನಾನು ಗೋಡೆ ಮುಂದೆ ನಿಂತು ಮೆಟ್ಟಿಲು ಮೆಟ್ಟಿಲು ಅಂತ ಕುಣೀತಿದ್ದಾಗ ನೀನು ನೋಡ್ತಾ ನಿಂತಿದ್ದೆ."

"ಹೂಂ."

"ಹೇಳ್ಬೋದಿತ್ತಲ್ಲ?"

ಇವನು ಹುಟ್ಟು ತೆಗೆದುಕೊಂಡು ದಡಕ್ಕೆ ಹೋದ, ನಾವು ಹಿಂದೆ. ಮನೆಗೆ ಬಂದು ಗೋಡೆಯ ಹಾಳೆ ಕಿತ್ತ. ಮಾತಿಲ್ಲ. ಊಟ ಮಾಡಿದ, ಮಾತಿಲ್ಲ. ಮದುವೆಯಾದ ಮೇಲೆ ಇಷ್ಟು ಹೊತ್ತು ಸದ್ದಿಲ್ಲದೆ ನಾವು ಇದ್ದದ್ದೇ ಇಲ್ಲ. ನಾನು ಎರಡು ಸಲ ಪಾತ್ರೆ ತೊಳೆದೆ. ನಾನು ಅತ್ತಿದ್ದೂ ಪಾತ್ರೆ ತೊಳೆಯುವ ಸದ್ದಿನಲ್ಲೇ.

ಸಂಜೆ ಚಹಾದ ಹೊತ್ತಿಗೆ ಇವನು ಒಂದು ಕಟ್ಟು ಹಾಳೆ ತಂದು ನನ್ನ ಮುಂದೆ ಇಟ್ಟ. ದಿನದ ಫಾರಂಗಳು. ಪ್ರತಿ ಹಾಳೆಯ ಮೇಲೆ ಮೊದಲ ಸಾಲು ಅಚ್ಚಾಗಿತ್ತು: ಬೆಳಿಗ್ಗೆ ಕೆಲಸಕ್ಕೆ ಮೊದಲು ಹಗ್ಗವನ್ನು ಉಕ್ಕಿನ ಟೇಪಿನಿಂದ ಪರಿಶೀಲಿಸಲಾಗಿದೆ. ಅದರ ಪಕ್ಕ ಚೌಕ. ಚೌಕದಲ್ಲಿ ಇವನ ಟಿಕ್. ಸೋಮವಾರ ಟಿಕ್, ಮಂಗಳವಾರ ಟಿಕ್, ಶನಿವಾರದವರೆಗೂ ಟಿಕ್.

"ಒಂದು ದಿನವೂ ನೋಡಿಲ್ಲ" ಎಂದ. "ಟೇಪು ಪೆಟ್ಟಿಗೆಯಿಂದ ಹೊರಗೆ ಬಂದೇ ಇಲ್ಲ."

"ಯಾಕೆ?"

"ನೀನು ಕಟ್ಟಿದ್ದಲ್ವಾ." ಕಿವಿ ಕೆಂಪಾಗಿತ್ತು. "ಹೂವಿನ ಗಂಟಿನ ಪಕ್ಕ ಟೇಪು ಹಿಡಿಯೋಕೆ ಒಂಥರ ಆಯ್ತು. ನೀನು ತಪ್ಪು ಕಟ್ಟಿದೆ. ನಾನು ನೋಡಿದೀನಿ ಅಂತ ಬರೆದೆ. ನಿನ್ನ ಪುಸ್ತಕದಲ್ಲಾದ್ರೂ ನಿಜ ಇದೆ. ನನ್ನದರಲ್ಲಿ ಅದೂ ಇಲ್ಲ."

ಆಗ ನನಗೆ ಸಿಟ್ಟು ಬಂತು! ಎಲ್ಲಿಂದ ಬಂತೋ! "ಅಂದ್ರೆ ಸೋಮವಾರ ಬೆಳಿಗ್ಗೆ ಐದು ನಿಮಿಷ ಟೇಪು ಹಿಡಿದಿದ್ರೆ ಎಲ್ಲ ಅಲ್ಲೇ ಮುಗೀತಿತ್ತು. ನಾನು ನಾಲ್ಕು ದಿನ ಅನ್ನ ನೀರು ಬಿಟ್ಟು ಸಾಯ್ತಿದ್ದೀನಿ, ನೀನು ಟಿಕ್ ಹಾಕ್ತಾ ಕೂತಿದ್ಯಾ?"

"ಅನ್ನ ಬಿಟ್ಟಿದ್ದು ಯಾವಾಗ? ನಿನ್ನೆ ನನ್ನ ತಟ್ಟೆಯ ಮೊಟ್ಟೆಯೂ ನೀನೇ ತಿಂದೆ."

ಅದು ನಿಜ. ಮೊದಲು ಇವನು ನಕ್ಕನೋ ನಾನೋ ಗೊತ್ತಿಲ್ಲ.

ನವೆಂಬರ್ 17, ಸೋಮವಾರ

ದೊಡ್ಡ ಮೇಡಂ ಗಿಡ್ಡಗಿದ್ದಾರೆ. ಬೂಟಿನಲ್ಲಿ ಕೆಸರು, ಕೈಯಲ್ಲಿ ಕೊಡೆ, ಮುಖದಲ್ಲಿ ಏನೂ ಇಲ್ಲ. ಜೀಪಿನಿಂದ ಇಳಿದವರೇ "ಎಲ್ಲಿ ಮೆಟ್ಟಿಲು?" ಎಂದರು.

"ಮೆಟ್ಟಿಲು ಇಲ್ಲ ಮೇಡಂ" ಎಂದು ಇವನು. "ನಾನು ಮೇಡಂ, ಮೆಟ್ಟಿಲು" ಎಂದು ನಾನು. ಒಟ್ಟಿಗೇ.

ನಿಂತ ಜಾಗದಲ್ಲೇ ಎಲ್ಲ ಹೇಳಿದೆವು. ಇವನು ಟಿಕ್ಕಿನ ವಿಷಯವನ್ನು ಮೊದಲು ಹೇಳಿದ, ನಾನು ತಡೆಯುವಷ್ಟರಲ್ಲಿ. ಆಕೆ ಒಂದೇ ಒಂದು ಪ್ರಶ್ನೆ ಕೇಳಿದರು: "ಗುಂಡಿನ ಬಳೆಯಿಂದ ಅಳೆದ್ಯಾ, ತಳದಿಂದ ಅಳೆದ್ಯಾ?" ಹಳೆಯ ಚಿಂದಿಗಳು ಗುಂಡಿನ ತಳದಿಂದ ಕಟ್ಟಿದ್ದವಂತೆ. ಇವನು ನನ್ನ ಮುಖ ನೋಡಿದ. ನನಗೆ ತಲೆ ಪೂರ್ತಿ ಖಾಲಿ. ಇವನೇ ಒಳಗೆ ಹೋಗಿ ಪುಸ್ತಕ ತಂದು, ಒಂಬತ್ತನೇ ತಾರೀಖು ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಕೊಟ್ಟ. ಮೇಡಂ ಓದಿದರು. ಆ ಸಾಲು ಮಾತ್ರ ಓದಿದರೆಂದು ದೇವರಾಣೆ ನಂಬಿದ್ದೇನೆ. ಆದರೆ ಮುಚ್ಚುವಾಗ ಇವನ ಕಿವಿಯ ಕಡೆ ಒಮ್ಮೆ ನೋಡಿದರು.

ಆಮೇಲೆ ಉಕ್ಕಿನ ಟೇಪು ಹೊರಗೆ ಬಂತು. ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿ ಮೂಗಿಗೆ ಒಂದು ತುದಿ, ಬೆರಳಿಗೆ ಇನ್ನೊಂದು. "ಅಳೆಯುವಾಗ ನಿಂತ ಹಾಗೇ ನಿಂತ್ಕೊ. ನಗಬೇಡ, ಮೂಗು ಅಲ್ಲಾಡುತ್ತೆ." ಮೂರು ಸಲ. ಮೂರು ಸಲವೂ ತೊಂಬತ್ತು.

"ಒಳ್ಳೆ ಕೈ" ಎಂದರು ಮೇಡಂ. "ತಪ್ಪಾದ್ರೂ ಒಂದೇ ಥರ ತಪ್ಪಿದೆ. ಇಂಥ ತಪ್ಪನ್ನ ತಿದ್ದಬಹುದು." ಆಮೇಲೆ ಇವನ ಕಡೆ ತಿರುಗಿ, "ನಿನ್ನ ಟಿಕ್ಕನ್ನ ತಿದ್ದೋಕೆ ಆಗಲ್ಲ. ಕಾಯಂ ಮಾಡೋ ಮಾತು ಈ ವರ್ಷ ಎತ್ತಬೇಡ."

ಇವನು ತಲೆ ತಗ್ಗಿಸಿದ.

"ಮೊದಲಿನ ಐದು ಸಾಲಲ್ಲಿ ಹತ್ತು ಜಾಗ ಮತ್ತೆ ಅಳೀರಿ. ಲೆಕ್ಕ ಹಾಕಿ ತಿದ್ದಿದ ಅಂಕೆ, ಅಳೆದ ಅಂಕೆ, ಎರಡೂ ಹೊಂದಿದ್ರೆ ವರದಿ ತಗೋತೀನಿ, ಗುತ್ತಿಗೆ ಆರು ತಿಂಗಳು ಮುಂದಕ್ಕೆ. ಹೊಂದದಿದ್ರೆ ಮನೆ ಖಾಲಿ ಮಾಡಿ. ಬುಧವಾರ ಸಂಜೆ ಫೋನ್ ಮಾಡಿ." ಜೀಪು ಹತ್ತಿ ಕೂತ ಮೇಲೆ ಕಿಟಕಿಯಿಂದ, "ಬೆಳಿಗ್ಗೆ ಟೇಪು ಹಿಡಿದ ಮೇಲೆ ಎರಡು ಸಹಿ ಬೇಕು. ಇವಳದ್ದೂ ಹಾಕಿಸು."

ನವೆಂಬರ್ 19, ಬುಧವಾರ

ಎರಡು ದಿನದಲ್ಲಿ ಉಳಿದಿದ್ದ ಎರಡು ಸಾಲು, ಮತ್ತೆ ಈ ಹತ್ತು ಜಾಗ. ಇವನು ಹಾಳೆ ಹಿಡಿದು ಬರೆದ, ಅಜ್ಜಿ ಹುಟ್ಟು ಹಾಕಿದಳು, ಹಗ್ಗ ನಾನು ಬಿಟ್ಟೆ. ಸೀಸ ತಳ ಮುಟ್ಟುವುದು ಕೈಗೆ ಗೊತ್ತಾಗುತ್ತದೆ, ಬಾಗಿಲು ತಟ್ಟಿದ ಹಾಗೆ! ಅದನ್ನು ಯಾರೂ ನನಗೆ ಹೇಳಿರಲೇ ಇಲ್ಲ. ದೋಣಿಯ ಅಂಚಿಗೆ ಬಗ್ಗಿ ಬಗ್ಗಿ ಮೊಣಕೈವರೆಗೆ ಒದ್ದೆ, ಕೂದಲಿನ ತುದಿ ಒದ್ದೆ. ಅಜ್ಜಿ "ಸ್ವಲ್ಪ ಒಳಗೆ ಕೂತ್ಕೊಳ್ಳೇ, ಈ ಸಲ ಹೊಸ ಹೆಂಡತಿ ಬಿದ್ಲು ಅಂತ ನಾನು ಲೆಕ್ಕ ಬದಲಾಯಿಸ್ಬೇಕಾಗುತ್ತೆ" ಎಂದು ಬೈದಳು.

ಒಂಬತ್ತು ಜಾಗ ಹೊಂದಿದವು, ಎಲ್ಲೂ ಎರಡು ಬೆರಳಿಗಿಂತ ಹೆಚ್ಚು ವ್ಯತ್ಯಾಸ ಇಲ್ಲ. ಹತ್ತನೆಯದನ್ನು ಕೊನೆಗೆ ಇಟ್ಟುಕೊಂಡಿದ್ದೆವು: ನಾಲ್ಕನೇ ಸಾಲಿನ ಆಳದ ಜಾಗ, ಮೂವತ್ತು ಬಂದಿದ್ದ ಜಾಗ. ಮೂವತ್ತು ಸಲ ನನ್ನ ತೊಂಬತ್ತು ಎಂದರೆ ಇಪ್ಪತ್ತೇಳು, ಗುಂಡಿನ ಉದ್ದ ಸೇರಿಸಿದರೆ ಇಪ್ಪತ್ತೇಳು ಮತ್ತು ಒಂದು ಗೇಣು. ಇವನು ಅದನ್ನು ಮೊದಲೇ ಹಾಳೆಯ ಮೇಲೆ ಬರೆದು, ಕೈಯಿಂದ ಮುಚ್ಚಿಕೊಂಡು ಕೂತ. ಹಗ್ಗ ಬಿಟ್ಟೆ. ಹಳದಿ, ಹಳದಿ, ಕೆಂಪು. ಎರಡು ಕೆಂಪು ಒಂದು ಸಲ, ಎರಡು ಸಲ. ಒಂದು ಕೆಂಪು. ಹಳದಿ. ಹಳದಿ. ಟಕ್.

ಬಳೆಯಿಂದ ಇಪ್ಪತ್ತೇಳನೇ ಪಟ್ಟಿ ನೀರಿನ ಮಟ್ಟಕ್ಕೆ ಸರಿಯಾಗಿ ಒದ್ದೆಯಾಗಿ ನಿಂತಿತ್ತು.

"ಇಪ್ಪತ್ತೇಳು, ಒಂದು ಗೇಣು!" ಎಂದು ನಾನು ಕೂಗಿದ್ದು ಏಳು ಬೆಟ್ಟಕ್ಕೂ ಕೇಳಿಸಿ ಏಳೂ ತಿರುಗಿ ಕೂಗಿದವು. ಇವನು ಕೈ ತೆಗೆದ. ಅಜ್ಜಿ ಹಾಳೆಗೆ ಇಣುಕಿ, ಓದಲು ಬರದಿದ್ದರೂ, "ಸರಿಯಾಗಿದೆ" ಎಂದಳು.

ಕೆರೆ ಅರವತ್ತು ವರ್ಷದಲ್ಲಿ ಒಂದು ಮೀಟರಿಗೆ ಸ್ವಲ್ಪ ಕಡಿಮೆ ತುಂಬಿಕೊಂಡಿದೆ. ಮೇಡಂ ಫೋನಿನಲ್ಲಿ "ಹಾಗೇ ಆಗಬೇಕಿತ್ತು" ಎಂದರು, ಅಷ್ಟೇ. ಆರು ತಿಂಗಳು. ಹಸಿರು ಬಾಗಿಲು, ಬಿರುಕು ಬಿಟ್ಟ ಗಾಜು, ಎಲ್ಲ ಆರು ತಿಂಗಳು ನಮ್ಮದು. ಆಮೇಲಿನದು ಆಮೇಲೆ.

ಸಂಜೆ ಇವನು ವರದಿಯ ಮೊದಲ ಪುಟ ಓದಿ ಹೇಳಿದ. ನಕ್ಷೆಯಲ್ಲಿ ನನ್ನ ಹೆಸರಿನ ಮೆಟ್ಟಿಲು ಇಲ್ಲ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ ಇದೆ: ಒಂದರಿಂದ ಐದರವರೆಗಿನ ಸಾಲುಗಳಲ್ಲಿ ಬಳಸಿದ ಅಳತೆ, ಸರ್ವೇಯರನ ಪತ್ನಿಯ ಮೂಗಿನ ತುದಿಯಿಂದ ಬೆರಳ ತುದಿಯವರೆಗೆ, ತೊಂಬತ್ತು ಸೆಂಟಿಮೀಟರ್, ಮೂರು ಬಾರಿ ಪರಿಶೀಲಿಸಲಾಗಿದೆ. ಇನ್ನು ಅರವತ್ತು ವರ್ಷ ಬಿಟ್ಟು ಯಾರೋ ಬಂದು ಅಳೆಯುವಾಗ ಇದನ್ನು ಓದುತ್ತಾರೆ! ನನ್ನ ಮೂಗು! ಇಲಾಖೆಯಲ್ಲಿ!

ಕಟ್ಟೆಯ ಹನ್ನೆರಡನೇ ಹಲಗೆಯ ಮೇಲೆ ಕೂತು ಕಾಲನ್ನು ನೀರಿನಲ್ಲಿ ಆಡಿಸುತ್ತ ಇದನ್ನು ಬರೆಯುತ್ತಿದ್ದೇನೆ. ಕಲ್ಲು ಎಸೆಯದಿದ್ದರೂ ನಕಲು ಬೆಟ್ಟ ನನ್ನ ಕಾಲಿಗೆ ನಗುತ್ತಿದೆ. ಇವನು ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದಾನೆ.

"ನಿಮ್ಮಪ್ಪನ ಮೀಟರ್ ಹೇಗೆ, ತೋರಿಸು" ಎಂದ ಈಗಷ್ಟೇ. ಹಗ್ಗದ ತುದಿಯನ್ನು ಮೂಗಿಗೆ ಹಿಡಿದು, ಕೈ ಇವನ ಕಡೆ ಚಾಚಿ, ಮುಖವನ್ನು ಇವನಿಂದ ಪೂರ್ತಿ ಆ ಕಡೆಗೆ ತಿರುಗಿಸಿದೆ. "ಇದು ಮೀಟರ್." ಆಮೇಲೆ ಮುಖ ನೇರ ಮಾಡಿದೆ. "ಇದು ಗಜ."

ಇವನು ಹಗ್ಗದ ಸುರುಳಿ ಕೆಳಗಿಟ್ಟು ನನ್ನ ಮುಖ ನೋಡಿದ.

"ಮನೆಯೊಳಗೆ ಗಜವೇ ಇರ್ಲಿ" ಎಂದ.